ಗಾಜಿನ ಮೇಲಿನ ಕೋಳಿಮರಿ

ಚೌಕಾಸಿಯಲ್ಲಿ ಮೆಲ್ಚೋರ್‌ನನ್ನು ಮೀರಿಸುವವರು ಕಲಾಂಬಾ ಪೇಟೆಯಲ್ಲೇ ಇರಲಿಲ್ಲ. ಇದು ಅವನೇ ಹೇಳಿಕೊಳ್ಳುತ್ತಿದ್ದ ಮಾತು, ಆದ್ದರಿಂದ ಅರ್ಧ ಕಳೆದೇ ನಂಬಬೇಕು. ಉಳಿದರ್ಧವೂ ಏನು ಕಡಿಮೆಯಲ್ಲ. ಅವನ ಸಲೂನಿನ ಕುರ್ಚಿ, ಕನ್ನಡಿ, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅರೆಬರೆಯಾಗಿ ನಿಂತಿದ್ದ ಜೀಪಿನ ಇಂಜಿನ್ನು, ಎಲ್ಲವೂ ಮೊದಲು ಒಂದು ಕುಂದು ಹೊರಿಸಿಕೊಂಡೇ ಅವನ ಮನೆ ಸೇರಿದ್ದವು. ವಸ್ತು ಯಾವುದಾದರೂ ಸರಿ, ಮೂಗು ಮುರಿದು "ಇದೇನಪ್ಪಾ ಹಿಂಗಿದೆ" ಎಂದು ಶುರು ಮಾಡುವುದು ಅವನ ಕ್ರಮ. ಮಾರುವವನ ಮುಖ ಸಣ್ಣದಾದ ಮೇಲೆಯೇ ಬೆಲೆಯ ಮಾತು. ಕುಂದು ನಿಜವಾಗಿಯೂ ಇರಬೇಕೆಂದೇನೂ ಇರಲಿಲ್ಲ.

ಹೆಂಡತಿ ಮಕ್ಕಳಿಲ್ಲದ ಅವನಿಗೆ ಆ ಜೀಪೇ ಸಂಸಾರ. ಸ್ವಂತಕ್ಕೆಂದು ಕಟ್ಟಿಕೊಳ್ಳುವ ಇಂಥ ಜೀಪನ್ನು ಆ ಕಡೆಯವರು 'ಓನರ್' ಎನ್ನುತ್ತಾರೆ. ಮೈಯೆಲ್ಲ ಹೊಳೆಯುವ ಸ್ಟೀಲು, ಬಣ್ಣದ ಹಂಗಿಲ್ಲ, ಬೀದಿಯಲ್ಲಿ ಹೋದರೆ ಎದುರು ಬಂದವರ ಮುಖ ಅದರಲ್ಲಿ ಕಾಣಬೇಕು. ಮೆಲ್ಚೋರ್‌ನ ಜೀಪಿನಲ್ಲಿ ಮುಖ ಕಾಣುತ್ತಿರಲಿಲ್ಲ, ತೂತು ಕಾಣುತ್ತಿತ್ತು. ಅವನ ಹಳೆಯ ವೆಲ್ಡಿಂಗ್ ಯಂತ್ರ ದಪ್ಪ ಕಬ್ಬಿಣಕ್ಕೆ ಸರಿ, ತೆಳು ಸ್ಟೀಲ್ ತಗಡಿಗೆ ಮುಟ್ಟಿಸಿದರೆ ಸುಟ್ಟು ತೂತು ಮಾಡುತ್ತಿತ್ತು. "ಮೆಲ್ಚೋರ್, ಅದು ಜೀಪೋ, ಅಕ್ಕಿ ಜರಡಿಯೋ?" ಎಂದು ಗಡ್ಡ ಕೆರೆಸಿಕೊಳ್ಳಲು ಬಂದವರು ಕೆಣಕುವರು. ತೆಳು ತಗಡಿಗೆ ಬೇಕಾದದ್ದು ಟಿಗ್ ಯಂತ್ರ. ಅದರ ಟಾರ್ಚ್ ಎಂಬ ಹಿಡಿಕೆಯ ತುದಿಯಿಂದ ಆರ್ಗಾನ್ ಗಾಳಿ ಸೂಸಿ ಬೆಂಕಿಗೆ ಹೊದಿಕೆಯಾಗುತ್ತದೆ, ಬೆಸುಗೆಯ ಗೆರೆ ಕಸೂತಿ ಹಾಕಿದಷ್ಟು ನಯವಾಗಿ ಕೂರುತ್ತದೆ. ಮೆಲ್ಚೋರ್ ಅದಕ್ಕಾಗಿ ಎರಡು ವರ್ಷದಿಂದ ಬಾಯಿ ಬಿಡುತ್ತಿದ್ದ.

ಕೊನೆಗೆ ಫೋನಿನೊಳಗಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಸಿಕ್ಕಿತು. ಮಾರುವವನು ಸಾನ್ ಪಾಬ್ಲೋ ಕಡೆಯ ಹಳ್ಳಿಯ ಕ್ರಿಸ್ಪಿನ್ ಎಂಬವನು. ಅವನಿಗೂ ಇದೇ ಹುಚ್ಚು, ಮನೆ ಪಕ್ಕದ ಶೆಡ್ಡಿನಲ್ಲೇ ತನ್ನ ಓನರ್ ಕಟ್ಟಿ ಮುಗಿಸಿದ್ದ. ಇಬ್ಬರೂ ಮುಖ ನೋಡಿರಲಿಲ್ಲ, ಮೆಸೇಜಿನಲ್ಲೇ ಎಳೆದಾಡಿದ್ದರು. ಕ್ರಿಸ್ಪಿನ್ ಒಳ್ಳೆಯ ಮನುಷ್ಯ, ಚೌಕಾಸಿ ಬಾರದವನು. "ಭಾನುವಾರ ಬಂದ್ಬಿಡು ಕುಯಾ, ಟಾರ್ಚ್ ಹೆಂಗೆ ಹಿಡಿಯೋದು ಅಂತ ನಾನೇ ಕಲಿಸ್ತೀನಿ. ಊಟ ನಮ್ಮನೇಲೇ," ಎಂದು ಬರೆದಿದ್ದ. ವಯಸ್ಸು ತಿಳಿಯದಿದ್ದರೂ ಕುಯಾ, ಅಣ್ಣ, ಎಂದು ಕರೆದಿದ್ದ. ಬುಧವಾರ ಬೆಸುಗೆಯ ಒಂದೆರಡು ಚಿತ್ರವನ್ನೂ ಕಳಿಸಿದ್ದ. ಆಮೇಲೆ ಅವನಿಂದ ಮಾತಿಲ್ಲ. ಇವನೂ ಕೇಳಲಿಲ್ಲ. ಬೆಲೆಯ ಆಟದಲ್ಲಿ ಮೊದಲು ಬಾಯಿಬಿಟ್ಟವನೇ ಸೋತ ಎಂಬುದು ಮೆಲ್ಚೋರ್‌ನ ಲೆಕ್ಕ.

ಭಾನುವಾರ ಮಧ್ಯಾಹ್ನ ಪರಿಚಯದ ಬೆರ್ತಿಂಗ್‌ನ ಟ್ರೈಸಿಕಲ್ ಮಾಡಿಕೊಂಡು ಹೊರಟ. ಮೋಟಾರ್‌ಸೈಕಲ್ಲಿಗೆ ಪಕ್ಕಗಾಡಿ ಕಟ್ಟಿದ ಬಂಡಿ, ಯಂತ್ರವನ್ನೂ ಆರ್ಗಾನ್ ಸಿಲಿಂಡರನ್ನೂ ಹಿಂದೆ ಕಟ್ಟಿ ತರಬಹುದು. ಹಳ್ಳಿ ತಲುಪಿ ಮನೆ ಕೇಳಿದರೆ ಎಲ್ಲರೂ ಥಟ್ಟನೆ ತೋರಿಸಿದರು. ದೂರದಿಂದಲೇ ನೀಲಿ ಟಾರ್ಪಾಲು, ಪ್ಲಾಸ್ಟಿಕ್ ಕುರ್ಚಿ, ಮೇಜಿನ ಸುತ್ತ ಇಸ್ಪೀಟು ಕಂಡಿತು.

"ಹುಟ್ಟುಹಬ್ಬ ಇಟ್ಕೊಂಡಿದಾನೆ ನೋಡು, ಊಟ ಗ್ಯಾರಂಟಿ," ಎಂದ ಮೆಲ್ಚೋರ್.

ಬೆರ್ತಿಂಗ್ ಬಂಡಿ ನಿಲ್ಲಿಸಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. "ಹುಟ್ಟುಹಬ್ಬ ಅಲ್ಲ ಬಾಸ್. ಬಾಗಿಲಲ್ಲಿ ಮೇಣದಬತ್ತಿ ನೋಡಿ. ಯಾರೋ ಹೋಗಿದಾರೆ, ಅದು ಹೆಣ ಕಾಯೋರ ಇಸ್ಪೀಟು." ಆಮೇಲೆ ದನಿ ತಗ್ಗಿಸಿ, "ನಾನು ಇಲ್ಲೇ ಇರ್ತೀನಿ. ಆದ್ರೆ ವಾಪಸ್ ಹೋಗ್ತಾ ಹೆದ್ದಾರಿ ಬೇಕರಿ ಹತ್ರ ನಿಲ್ಲಿಸೇ ನಿಲ್ಲಿಸ್ತೀನಿ, ಬೇಡ ಅನ್ಬೇಡಿ. ಸಾವಿನ ಮನೆಯಿಂದ ನೇರ ಮನೆಗೆ ಹೋದ್ರೆ ಸತ್ತೋರು ಬೆನ್ನಿಗೇ ಬರ್ತಾರೆ. ಮನೇಲಿ ಸಣ್ಣ ಮಕ್ಕಳಿದಾರೆ ನಂಗೆ," ಎಂದ.

"ಅಷ್ಟು ಗೊತ್ತಿಲ್ವೇನೋ ನಂಗೆ? ನಿಲ್ಲಿಸೋಣ ಬಿಡು," ಎಂದು ಮೆಲ್ಚೋರ್ ಇಳಿದ. ಮುದಿ ಅಜ್ಜನೋ ಅಜ್ಜಿಯೋ ಇರಬೇಕು ಅಂದುಕೊಂಡ. ಇಂಥ ಹೊತ್ತಿನಲ್ಲಿ ಯಂತ್ರ ಕೇಳುವುದು ಚೆನ್ನಾಗಿರುವುದಿಲ್ಲ, ಆದರೆ ಇಷ್ಟು ದೂರ ಬಂದು ಬರಿಗೈಲಿ ಹೋಗುವುದು ಇನ್ನೂ ಚೆನ್ನಾಗಿರುವುದಿಲ್ಲ.

ಇಸ್ಪೀಟಿನ ಮೇಜಿನಲ್ಲಿ ಹಲ್ಲುಬಿದ್ದ ಒಬ್ಬ ಹಿರಿಯ ಕಲ್ಲಂಗಡಿ ಬೀಜ ಒಡೆಯುತ್ತ ಕೂತಿದ್ದ. ಎಲ್ಲರೂ ಅವನನ್ನು ಮಾಂಗ್ ಇಸ್ಕೋ ಎನ್ನುತ್ತಿದ್ದರು.

"ಕ್ರಿಸ್ಪಿನ್ ಇದಾನಾ?"

"ಇದಾನಪ್ಪ. ಒಳಗೆ ಮಲಗಿದಾನೆ," ಎಂದ ಮಾಂಗ್ ಇಸ್ಕೋ ಇಸ್ಪೀಟಿನ ಎಲೆಯಿಂದ ತಲೆಯೆತ್ತದೆ. "ನಿನ್ ಕೈಲಾದ್ರೆ ಎಬ್ಬಿಸು. ನಮ್ ಕೈಲಾಗ್ಲಿಲ್ಲ." ಮೇಜಿನಲ್ಲಿ ಯಾರೂ ನಗಲಿಲ್ಲ. ಆಗ ಅವನು ತಲೆಯೆತ್ತಿ ಬಂದವನ ಮುಖ ನೋಡಿದ. "ಅಯ್ಯೋ, ನಿಂಗೆ ಗೊತ್ತಿಲ್ವಾ? ಗುರುವಾರ ಬೆಳಗಿನ ಜಾವ ಹೋಗ್ಬಿಟ್ಟ. ನಾನು ಅವನ ಚಿಕ್ಕಪ್ಪ. ನೀನು ಯಾರು?"

ಮೆಲ್ಚೋರ್‌ನ ಜೇಬಿನಲ್ಲಿ ದುಡ್ಡಿನ ಲಕೋಟೆ ಇತ್ತು, ಹೊರಗೆ ಬಂಡಿ ಕಾಯುತ್ತಿತ್ತು. ಯಂತ್ರ ಕೊಳ್ಳಲು ಬಂದವನು ಎಂದು ಆ ಹೊತ್ತಿನಲ್ಲಿ ಯಾವ ಬಾಯಲ್ಲಿ ಹೇಳುವುದು?

"ಸ್ನೇಹಿತ," ಎಂದುಬಿಟ್ಟ.

ಒಳಗೆ ಬಿಳಿಯ ಪೆಟ್ಟಿಗೆ. ಮುಚ್ಚಳದ ಮೇಲರ್ಧಕ್ಕೆ ಗಾಜು. ಗಾಜಿನ ಕೆಳಗೆ ನಲವತ್ತು ದಾಟದ ಒಂದು ಮುಖ, ಪೌಡರ್ ಹಚ್ಚಿದ್ದರು. ಗಾಜಿನ ಮೇಲೆ ಹಳದಿಯ ಒಂದು ಕೋಳಿಮರಿ, ಚೆಲ್ಲಿದ್ದ ಅಕ್ಕಿಕಾಳನ್ನು ಟಕ್ ಟಕ್ ಎಂದು ಕುಕ್ಕುತ್ತಿತ್ತು.

ಮೆಲ್ಚೋರ್ ಅಲ್ಲೇ ನಿಂತ. ಮರಿಯನ್ನು ಎಲ್ಲರ ಪೆಟ್ಟಿಗೆಯ ಮೇಲೂ ಬಿಡುವುದಿಲ್ಲ. ಕೊಲೆಯಾದವನ ಪೆಟ್ಟಿಗೆಯ ಮೇಲೆ ಬಿಡುತ್ತಾರೆ. ಅದು ಗಾಜು ಕುಕ್ಕಿದಾಗಲೆಲ್ಲ ಕೊಂದವನ ಎದೆಯನ್ನೂ ಕುಕ್ಕುತ್ತದೆ, ತಡೆಯಲಾರದೆ ಅವನು ಎದುರು ಬಂದು ಒಪ್ಪಿಕೊಳ್ಳುತ್ತಾನೆ ಎಂದು ನಂಬಿಕೆ.

"ಯಾರು ಹೊಡೆದ್ರು ಇವನಿಗೆ?" ಎಂದು ಪಿಸುಗುಟ್ಟಿದ.

"ಹೊಡೆಯೋದೆಲ್ಲಿ ಬಂತು," ಎಂದ ಮಾಂಗ್ ಇಸ್ಕೋ ಅವನ ಕಿವಿಯಲ್ಲಿ. "ನಿದ್ದೇಲಿ ಹೋದ. ಬಂಗುಂಗೋಟ್. ರಾತ್ರಿ ಹೊಟ್ಟೆ ಬಿರಿಯ ತಿಂದು ಮಲಗಿದ್ದ, ಕನಸಲ್ಲೇ ಉಸಿರು ಕಟ್ತು. ನಮ್ಮತ್ತಿಗೆ, ಅವನಮ್ಮ, ಸೊಸೆ ಮೇಲೆ ಬಿದ್ದಿದಾಳೆ. ಹಂದಿ ಸಾರು ಮಾಡಿ ಮೂಗಿನವರೆಗೆ ತಿನ್ನಿಸಿ ಮಲಗಿಸಿದ್ಲು, ಅವನು ನರಳ್ತಿದ್ರೆ ಗೊರಕೆ ಹೊಡೀತಿದ್ಲು, ಎಲ್ಲರೂ ಮಾಡೋ ಹಂಗೆ ಕಾಲಿನ ಹೆಬ್ಬೆರಳು ಕಚ್ಚಿದ್ರೂ ಸಾಕಿತ್ತು ಎದ್ದುಬಿಡೋನು ಅಂತ. ಆ ಮರಿ ಸೊಸೆಗೋಸ್ಕರ ಬಿಟ್ಟಿರೋದು."

ಪೆಟ್ಟಿಗೆಯ ತಲೆಯ ಕಡೆ ಅಲಿಂಗ್ ಪುರಿಂಗ್ ಕೂತಿದ್ದಳು, ಕ್ರಿಸ್ಪಿನ್‌ನ ತಾಯಿ. ಒಣಕಲು ಮೈ, ಕೈಯಲ್ಲಿ ಜಪಮಾಲೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸೊಸೆ ಲಿಗಾಯಾ ಅಡುಗೆಮನೆ ಬಾಗಿಲ ಬಳಿ ಸ್ಟೂಲಿನ ಮೇಲೆ ಇದ್ದಳು. ಪೆಟ್ಟಿಗೆಯ ಹತ್ತಿರ ಅವಳಿಗೆ ಜಾಗವಿರಲಿಲ್ಲ. ಬಂದವರಿಗೆಂದು ಅವಳು ತಟ್ಟೆಯಲ್ಲಿ ಕಾಫಿ ತಂದಳು, ಪ್ರಾರ್ಥನೆಗೆ ಬಂದ ಹೆಂಗಸರು ಲೋಟ ತೆಗೆದುಕೊಂಡು, ತುಟಿಗೆ ತಾಗಿಸದೆ ಮೆಲ್ಲನೆ ಕುರ್ಚಿಯ ಕೆಳಗಿಟ್ಟರು. ಅವಳು ನೋಡಿದಳು. ನೋಡದವಳಂತೆ ಮುಂದಿನ ಲೋಟ ನೀಡಿದಳು. ಕುಡಿಯಲು ಧೈರ್ಯ ಮಾಡಿದವನು ಮೆಲ್ಚೋರ್ ಒಬ್ಬನೇ. ಅದು ಧೈರ್ಯವೂ ಅಲ್ಲ, ಬಾಯಿ ಒಣಗಿತ್ತು ಅಷ್ಟೆ.

ಅಷ್ಟಕ್ಕೇ ಆ ಹೆಣ್ಣು ಕರಗಿ ನೀರಾಗಿ ಅವನ ಪಕ್ಕದಲ್ಲೇ ಕುಕ್ಕರಿಸಿದಳು.

"ನೀವು ಅವರ ಸ್ನೇಹಿತರು ಅಂದ್ರು ಚಿಕ್ಕಪ್ಪ. ನೀವೇ ಹೇಳಿ ಕುಯಾ, ಹುಣಸೆಹುಳಿ ಹಾಕಿದ ಹಂದಿ ಸಾರು ತಿಂದು ಯಾರಾದ್ರೂ ಸಾಯ್ತಾರಾ? ವಾರ ವಾರ ಮಾಡ್ತಿದ್ದೆ."

"ಇಲ್ಲಮ್ಮ," ಎಂದ ಮೆಲ್ಚೋರ್.

"ಕಚ್ಚಿದೀನಿ ನಾನು. ಹೆಬ್ಬೆರಳು ಕಚ್ಚಿದೀನಿ. ರಕ್ತ ಬರೋ ಹಂಗೆ ಕಚ್ಚಿದೀನಿ. ಬಾಯಲ್ಲಿ ನೊರೆ, ಕೆಂಪು ನೊರೆ ಬರ್ತಿತ್ತು. ಏಳ್ಲಿಲ್ಲ. ಕೆಳಗಿನ ಮುಚ್ಚಳ ತೆಗೆದು ಬೆರಳು ನೋಡಿ ನಾನಾಯ್, ನೋಡಿ ಅಮ್ಮ, ಅಂದ್ರೆ ನೋಡಲ್ಲ ನಮ್ಮತ್ತೆ." ಕಣ್ಣೊರೆಸಿಕೊಂಡಳು. "ಬುಧವಾರ ಮಧ್ಯಾಹ್ನ ಚೆನ್ನಾಗೇ ಇದ್ರು. ವೆಲ್ಡಿಂಗ್ ಯಂತ್ರ ಮಾರೋದಿತ್ತು. ಜೀಪು ಮುಗೀತಲ್ಲ, ಆ ಜಾಗದಲ್ಲಿ ನನ್ನ ಹೊಲಿಗೆ ಮಿಷನ್ ಇಡೋಣ ಅಂದಿದ್ರು. ಕೊಳ್ಳೋನು ಯಾರೋ, ಬೆಸುಗೆ ಬೂದುಬಣ್ಣ ಬಂದಿದೆ, ಯಂತ್ರದಲ್ಲೇ ಏನೋ ಐಬಿದೆ ಅಂದನಂತೆ. ಅವರಿಗೆ ಅವಮಾನ ಆಗೋಯ್ತು. ಹೊಳೆಯೋ ಹಂಗೆ ಮಾಡಿ ತೋರಿಸ್ತೀನಿ ಅಂತ ಶೆಡ್ಡಿನ ಬಾಗಿಲು ಕಿಟಕಿ ಎಲ್ಲಾ ಹಾಕ್ಕೊಂಡ್ರು, ಫ್ಯಾನೂ ಆರಿಸಿದ್ರು. ಗಾಳಿ ಆಡಿದ್ರೆ ಬೆಸುಗೆ ಕೆಡುತ್ತಂತೆ. ಬ್ರೇಕ್ ತೊಳಿಯೋ ಸ್ಪ್ರೇ ಹೊಡೆದು ತಗಡು ಒರೆಸಿದ್ದೇ ಒರೆಸಿದ್ದು, ಅದು ಹಸಿ ಇರೋವಾಗ್ಲೇ ಶುರು ಹಚ್ಕೊಂಡ್ರು."

ಮೆಲ್ಚೋರ್ ಲೋಟ ಕೆಳಗಿಟ್ಟ.

"ಹೊರಗೆ ಬಂದಾಗ ಕೆಮ್ಮು, ಕಣ್ಣಲ್ಲಿ ನೀರು. ಬಟ್ಟೆಯೆಲ್ಲಾ ಕೊಯ್ದ ಹುಲ್ಲಿನ ವಾಸನೆ. 'ಏನ್ರಿ, ಎಮ್ಮೆ ಜೊತೆ ಮೇಯಕ್ಕೆ ಹೋಗಿದ್ರಾ' ಅಂತ ನಕ್ಕೆ ನಾನು. ಅವರೂ ನಕ್ರು. ಆಮೇಲೆ ಕೆಮ್ಮು ನಿಂತೇ ಹೋಯ್ತು, ಚೆನ್ನಾಗಿ ಉಂಡ್ರು. ಉಂಡಿದ್ದೇ ತಪ್ಪಾ ಕುಯಾ?"

ಮೆಲ್ಚೋರ್‌ಗೆ ಉತ್ತರ ಗೊತ್ತಿತ್ತು. ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅವನು ಸೇರಿಕೊಂಡಿದ್ದ ಹವ್ಯಾಸಿಗಳ ಗುಂಪಿನಲ್ಲಿ, ಫೋನು ತೆರೆದರೆ ಎಲ್ಲಕ್ಕಿಂತ ಮೇಲೆ ಒಂದೇ ಎಚ್ಚರಿಕೆ ಇತ್ತು. ಬ್ರೇಕ್ ತೊಳೆಯುವ ಸ್ಪ್ರೇ ಹೊಡೆದ ತಗಡಿಗೆ ಟಿಗ್ ಬೆಂಕಿ ತಾಗಿಸಬೇಡಿ. ಕೆಲವು ಸ್ಪ್ರೇಗಳ ಹಸಿಯೂ ಆ ಬೆಳಕೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಹುಲ್ಲಿನ ವಾಸನೆ ಬರುತ್ತದೆ, ಸ್ವಲ್ಪ ಕೆಮ್ಮಿ ಸುಮ್ಮನಾಗುತ್ತೀರಿ, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತೀರಿ. ಅದನ್ನು ಅವನು ಓದಿದ್ದ. ಗಿರಾಕಿಗಳಿಗೆ ಓದಿ ಹೇಳಿ ತಾನು ಬಲ್ಲವನೆಂದು ಮೆರೆದೂ ಇದ್ದ.

ಬುಧವಾರ ಬಂದ ಮೊದಲ ಚಿತ್ರಕ್ಕೆ ಅವನು ಬರೆದದ್ದು ಹೀಗೆ: 'ಬೆಸುಗೆ ಬೂದುಬಣ್ಣ ಕಾಣ್ತಿದೆ. ಯಂತ್ರದಲ್ಲೇ ಏನೋ ಐಬಿದೆ.' ಯಂತ್ರದಲ್ಲಿ ಏನೂ ಐಬಿಲ್ಲ, ತಗಡಿನಲ್ಲಿ ಜಿಡ್ಡಿದೆ ಎಂಬುದು ಚಿತ್ರ ನೋಡಿದ ಕೂಡಲೇ ಅವನಿಗೆ ಹೊಳೆದಿತ್ತು. ಆದರೂ ಬರೆದ, ಅದು ಅವನ ಕ್ರಮ. ಕ್ರಿಸ್ಪಿನ್‌ನ ಉತ್ತರ ಬಂದಾಗ ಒಬ್ಬನ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದ. 'ಯಂತ್ರ ಚೆನ್ನಾಗಿದೆ ಕುಯಾ, ಬ್ರೇಕ್ ಸ್ಪ್ರೇ ಹೊಡೆದು ತೊಳೀತಿದೀನಿ, ಈಗ ನೋಡು ಹೆಂಗೆ ಹೊಳಿಯುತ್ತೆ.' ಓದಿದಾಗ ತಲೆಯೊಳಗೆ ಏನೋ ಚುಚ್ಚಿತು. ಬೇಡ ಅಂತ ಹೇಳಬೇಕಲ್ಲ ಅಂದುಕೊಂಡ. ಕೈಯಲ್ಲಿ ಸೋಪಿತ್ತು. ಗಿರಾಕಿ ಏನೋ ಕೇಳಿದ, ಇವನು ಏನೋ ಹೇಳಿದ. ಹೆಬ್ಬೆರಳೆತ್ತಿದ ಗುರುತೊಂದನ್ನು ಒತ್ತಿ ಫೋನು ಪಕ್ಕಕ್ಕಿಟ್ಟ. ಆಮೇಲೆ ಬಂದ ಚಿತ್ರದಲ್ಲಿ ಬೆಸುಗೆಯ ಗೆರೆ ಬಂಗಾರದ ಎಳೆಯಂತೆ ಹೊಳೆಯುತ್ತಿತ್ತು. ಅದನ್ನು ನೋಡಿ ಮೆಲ್ಚೋರ್‌ಗೆ ಬೇರೆಲ್ಲ ಮರೆತುಹೋಯಿತು.

ಟಕ್ ಟಕ್ ಎಂದು ಮರಿ ಕುಕ್ಕುತ್ತಲೇ ಇತ್ತು.

ಅವನು ಎದ್ದು ಹೊರಗೆ ಬಂದ. ಬಂಡಿ ಹತ್ತಿ ಹೋಗಿಬಿಡುವುದು ಸುಲಭವಿತ್ತು. ಸ್ನೇಹಿತ ಎಂದಷ್ಟೇ ಹೇಳಿದ್ದ, ಹೆಸರನ್ನೂ ಹೇಳಿರಲಿಲ್ಲ. ಆದರೆ ಮಾಂಗ್ ಇಸ್ಕೋ ತೋಳು ಹಿಡಿದು ಪಕ್ಕದ ಶೆಡ್ಡಿಗೆ ಕರೆದೊಯ್ದ. "ಬಾ, ಅವನ ಜೀಪು ನೋಡು. ಸ್ನೇಹಿತ ಅಂತೀಯ, ನೋಡ್ದೆ ಹೋಗ್ತೀಯಾ?"

ಜೀಪಿನ ಬಾಗಿಲಿನಲ್ಲಿ ಮೆಲ್ಚೋರ್‌ಗೆ ತನ್ನ ಮುಖ ಸ್ಪಷ್ಟವಾಗಿ ಕಂಡಿತು. ಪಕ್ಕಕ್ಕೆ ತಿರುಗಿದ. ಮೂಲೆಯಲ್ಲಿ ಹಳೇ ಹಾಸಿಗೆ ಹೊದಿಕೆ ಹೊದ್ದು ಯಂತ್ರ ನಿಂತಿತ್ತು, ಅದರ ಟಾರ್ಚನ್ನು ಕ್ರಿಸ್ಪಿನ್ ಸುತ್ತಿ ಗೂಟಕ್ಕೆ ನೇತುಹಾಕಿದ್ದ, ಸಿಲಿಂಡರಿಗೆ ಸರಪಳಿ ಕಟ್ಟಿದ್ದ. ಅಂಥ ಅಚ್ಚುಕಟ್ಟು. ಬೆಂಚಿನ ಮೇಲೆ ಆ ತಗಡಿನ ತುಂಡು, ಅದರ ಮೇಲೆ ಬಂಗಾರದ ಗೆರೆ. ಅದರ ಪಕ್ಕದಲ್ಲಿ ಸ್ಪ್ರೇ ಡಬ್ಬಿ. ನಾಚಿಕೆಗೇಡು ಎಂದರೆ, ಅಂಥ ಹೊತ್ತಿನಲ್ಲೂ ಅವನ ಕೈ ಹೊದಿಕೆ ಸರಿಸಿ ಯಂತ್ರದ ಗುಂಡಿ ಸವರಿತು. ಎಷ್ಟು ನಯವಾಗಿ ತಿರುಗುತ್ತದೆ ಎಂದು ಮನಸ್ಸು ಒಂದು ಗಳಿಗೆ ಹಿಗ್ಗಿತು. ಮರುಗಳಿಗೆ ಅವನಿಗೆ ತನ್ನ ಕೈಯನ್ನೇ ಕಡಿದುಹಾಕಬೇಕು ಅನ್ನಿಸಿತು.

"ಇವತ್ತು ಅದನ್ನ ಕೊಳ್ಳೋನು ಬರೋದಿತ್ತು. ಸುದ್ದಿ ತಿಳಿದು ಹೆದರ್ಕೊಂಡಿರ್ಬೇಕು ಬಡ್ಡಿಮಗ," ಎಂದ ಮಾಂಗ್ ಇಸ್ಕೋ.

"ಇರಬಹುದು," ಎಂದ ಮೆಲ್ಚೋರ್.

ಒಳಗಿನಿಂದ ಅಲಿಂಗ್ ಪುರಿಂಗ್‌ಳ ದನಿ ಕೇಳಿತು. ಇಬ್ಬರೂ ಬಾಗಿಲಿಗೆ ಬಂದರು. ಲಿಗಾಯಾ ಪೆಟ್ಟಿಗೆಯ ಬಳಿ ನಿಂತಿದ್ದಳು, ಕೈಯಲ್ಲೊಂದು ಪುಟ್ಟ ಬಟ್ಟಲು.

"ಮುಟ್ಟಬೇಡ ಅದನ್ನ," ಎನ್ನುತ್ತಿದ್ದಳು ಅತ್ತೆ. "ಚುಚ್ತಾ ಇದ್ಯಾ? ಚುಚ್ಚಲಿ. ಅದಕ್ಕೇ ಬಿಟ್ಟಿರೋದು."

"ನೀರು ಇಡ್ತೀನಿ ನಾನಾಯ್, ಅಷ್ಟೆ. ಬೆಳಗಿಂದ ಬರೀ ಅಕ್ಕಿ ಹಾಕಿದೀರಿ, ನೀರಿಟ್ಟಿಲ್ಲ. ಬಾಯಿ ತೆರೀತಿದೆ ನೋಡಿ."

"ನಿನ್ನ ಕೈ ನೀರು ಅದಕ್ಕೂ ಬೇಡ. ಇನ್ನೊಂದು ಜೀವ ತೆಗೀತೀಯಾ?"

ಪ್ರಾರ್ಥನೆಯ ಹೆಂಗಸರು ತಲೆ ತಗ್ಗಿಸಿದರು, ಆದರೆ ಕಿವಿ ತಗ್ಗಿಸಲಿಲ್ಲ. ಲಿಗಾಯಾ ಬಟ್ಟಲು ಹಿಂದಕ್ಕೆ ತೆಗೆಯಲಿಲ್ಲ.

"ನಾನೇ ಕೊಂದೆ ಅಂತ ಒಪ್ಕೊಂಡ್ರೆ ಮರೀನ ಇಳಿಸ್ತೀರಾ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವಂತೆ. "ಹಂಗಾದ್ರೆ ಒಪ್ಕೋತೀನಿ. ಸಾರು ಮಾಡಿದ್ದು ನಾನೇ. ಬೇಡ ಅಂದ್ರೂ ಇನ್ನೊಂದು ಸೌಟು ಬಡಿಸಿದ್ದು ನಾನೇ. ಇರಬಹುದು ನಾನಾಯ್, ನಾನೇ ಇರಬಹುದು. ಅದನ್ನ ಇಳಿಸಿ. ಪಾಪ, ಅದೇನು ಮಾಡಿತ್ತು?"

ಇನ್ನು ಸ್ವಲ್ಪ ಹೊತ್ತಾದರೆ ಆ ಹೆಣ್ಣು ಅದನ್ನು ನಂಬಿಯೇ ಬಿಡುತ್ತಾಳೆ ಎಂದು ಮೆಲ್ಚೋರ್‌ಗೆ ಗೊತ್ತಾಯಿತು. ಸಾಯುವವರೆಗೂ ನಂಬುತ್ತಾಳೆ. ಒಲೆ ಹಚ್ಚಿದಾಗಲೆಲ್ಲ ನಂಬುತ್ತಾಳೆ. ಊರೆಲ್ಲ ಅವಳ ಕೈಯ ಲೋಟ ಕುರ್ಚಿಯ ಕೆಳಗಿಡುತ್ತದೆ. ದಿನವಿಡೀ ಗಿರಾಕಿಗಳ ಕಿವಿ ತೂತು ಮಾಡುವ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅದನ್ನು ಕೀಳಬೇಕಾಯಿತು.

"ಅವರಲ್ಲ," ಎಂದ.

ಎಲ್ಲರೂ ತಿರುಗಿದರು.

"ಸಾರಿಂದ ಅಲ್ಲ ಅಲಿಂಗ್ ಪುರಿಂಗ್. ಬಂಗುಂಗೋಟೂ ಅಲ್ಲ. ಆ ಸ್ಪ್ರೇ ಹೊಡೆದ ತಗಡಿಗೆ ಬೆಂಕಿ ಮುಟ್ಟಿಸಿದ್ರೆ ವಿಷದ ಗಾಳಿ ಬರುತ್ತೆ. ಹುಲ್ಲಿನ ವಾಸನೆ ಅದೇ. ಮುಚ್ಚಿದ ಶೆಡ್ಡಲ್ಲಿ ಅದನ್ನ ಕುಡಿದುಬಿಟ್ಟಿದಾನೆ. ಉಪವಾಸ ಮಲಗಿದ್ರೂ ಹೋಗ್ತಿದ್ದ. ಹೆಬ್ಬೆರಳು ಕಿತ್ತುಬರೋ ಹಂಗೆ ಕಚ್ಚಿದ್ರೂ ಏಳ್ತಿರ್ಲಿಲ್ಲ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಡಾಕ್ಟರಾ?"

"ಅಲ್ಲ. ಗಡ್ಡ ಕೆರೆಯೋನು."

"ಮತ್ತೆ ನಿನಗೆಂಗೆ ಗೊತ್ತು?"

"ಓದಿದ್ದೆ. ಹಂಗೆ ಮಾಡಬಾರದು ಅಂತ ನನಗೆ ಗೊತ್ತಿತ್ತು." ಇಲ್ಲಿಗೆ ನಿಲ್ಲಿಸಬಹುದಿತ್ತು. ಸೊಸೆ ಉಳಿದುಕೊಳ್ಳುತ್ತಿದ್ದಳು, ಇವನೂ ಉಳಿದುಕೊಳ್ಳುತ್ತಿದ್ದ. ಮರಿ ಮತ್ತೊಮ್ಮೆ ಕುಕ್ಕಿತು. "ನಾನು ಸ್ನೇಹಿತ ಅಲ್ಲ. ಯಂತ್ರ ಕೊಳ್ಳಕ್ಕೆ ಬಂದೋನು ನಾನೇ. ಬೆಸುಗೆ ಬೂದುಬಣ್ಣ, ಯಂತ್ರ ಐಬು ಅಂದೋನು ನಾನೇ. ಐಬಿರ್ಲಿಲ್ಲ. ಬೆಲೆ ಇಳಿಲಿ ಅಂತ ಅಂದಿದ್ದೆ. ಸ್ಪ್ರೇ ಹೊಡೀತಿದೀನಿ ಅಂತ ಅವನು ನನಗೆ ಬರೆದ. ಬೇಡ ಅಂತ ಒಂದು ಮಾತು ಬರೀಬಹುದಿತ್ತು. ಬರೀಲಿಲ್ಲ."

ಹೊರಗೆ ಇಸ್ಪೀಟು ನಿಂತಿತು. ಮಾಂಗ್ ಇಸ್ಕೋ ಹಿಡಿದಿದ್ದ ಅವನ ತೋಳನ್ನು ಮೆಲ್ಲನೆ ಬಿಟ್ಟ.

ಲಿಗಾಯಾಳ ಮುಖದಲ್ಲಿ ನೆಮ್ಮದಿ ಬರಬಹುದೆಂದು ಅವನು ಕಾದಿದ್ದ. ಬರಲಿಲ್ಲ. "ಹೊಳಿಯೋ ಹಂಗೆ ಮಾಡ್ರಿ, ಇಲ್ದಿದ್ರೆ ಅವನು ತಗೊಳಲ್ಲ ಅಂತ ನಾನೂ ಅಂದೆ," ಎಂದಳು ಸಣ್ಣ ದನಿಯಲ್ಲಿ. "ನನಗೆ ಹೊಲಿಗೆ ಮಿಷನ್ ಜಾಗ ಬೇಕಿತ್ತು."

"ನೀನು ಸುಮ್ನಿರು," ಎಂದಳು ಅಲಿಂಗ್ ಪುರಿಂಗ್.

ಮುದುಕಿ ಎದ್ದಳು. ಎರಡೂ ಕೈ ಗಾಜಿನ ಮೇಲೆ ಚಾಚಿ ಮರಿಯನ್ನು ಹಿಡಿದಳು, ಸೊಸೆಯ ಕೈಯಲ್ಲಿದ್ದ ಬಟ್ಟಲಿಗೆ ಅದರ ಕೊಕ್ಕು ತಾಗಿಸಿದಳು. ಅದು ಕತ್ತು ಮೇಲೆತ್ತಿ ಮೇಲೆತ್ತಿ ಕುಡಿಯಿತು. ಅತ್ತೆ ಸೊಸೆ ಇಬ್ಬರೂ ಅದು ಕುಡಿಯುವುದನ್ನೇ ನೋಡುತ್ತ ನಿಂತರು. ಆಮೇಲೆ ಮುದುಕಿ ಅದನ್ನು ಮಡಿಲಿಗೆ ಹಾಕಿಕೊಂಡು ಕೂತು, ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿಗೆ ಆಚೆ ಸರಿದುಕೋ ಎಂದು ಸನ್ನೆ ಮಾಡಿದಳು. ಜಾಗವಾಯಿತು.

"ಊಟ ಮಾಡಿದ್ಯಾ?" ಎಂದು ಸೊಸೆಯನ್ನು ಕೇಳಿದಳು.

ಲಿಗಾಯಾ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು. ಕ್ರಿಸ್ಪಿನ್ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಅವಳನ್ನು ಆ ಮಾತು ಕೇಳಿರಲಿಲ್ಲ.

"ಮೊದಲು ಉಣ್ಣು. ಇಲ್ಲೇ ತಂದ್ಕೊಂಡು ಉಣ್ಣು, ಅವನ ಹತ್ರ." ಆಮೇಲೆ ಮುದುಕಿ ಮೆಲ್ಚೋರ್ ಕಡೆ ತಿರುಗಿದಳು. ಬಯ್ಯುತ್ತಾಳೆ, ಉಗಿಯುತ್ತಾಳೆ ಎಂದು ಅವನು ನಿಂತಿದ್ದ. ಅದಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ದುಡ್ಡು ತಂದಿದ್ಯಾ?"

ಅವನು ಲಕೋಟೆ ತೆಗೆದ. ಮುದುಕಿ ಅದನ್ನು ಮುಟ್ಟದೆ ಪೆಟ್ಟಿಗೆಯ ಕಾಲ ಬಳಿಯಿದ್ದ ಡಬ್ಬಿ ತೋರಿಸಿದಳು. ಸಾವಿನ ಖರ್ಚಿಗೆಂದು ಬಂದವರೆಲ್ಲ ಕೈಲಾದದ್ದು ಹಾಕುವ ಡಬ್ಬಿ. ಅವನು ಹಾಕಿದ.

"ಇಸ್ಕೋ, ಯಂತ್ರ ಎತ್ತಿ ಇವನ ಬಂಡಿಗೆ ಕಟ್ಟು."

"ಬೇಡ ಅಲಿಂಗ್ ಪುರಿಂಗ್," ಎಂದ ಮೆಲ್ಚೋರ್. "ನನಗೆ ಬೇಡ ಅದು. ಇಲ್ಲೇ ಇರ್ಲಿ. ಸಾವಿನ ಮನೆಯಿಂದ ಸಾಮಾನು ತಗೊಂಡು ಹೋಗಬಾರದು."

"ನನ್ನ ಮಗ ಮಾತು ಕೊಟ್ಟಿದ್ದ. ಕೊಟ್ಟ ಮಾತು ತಪ್ಪಿಸಿ ಅವನನ್ನ ಮಣ್ಣಿಗೆ ಕಳಿಸಲ್ಲ ನಾನು. ಬೇಕು ಅಂತ ತಾನೆ ಬಂದಿದ್ದು? ತಗೊಂಡು ಹೋಗು."

ಇಸ್ಪೀಟಿನವರು ಎದ್ದು ಯಂತ್ರ ಹೊತ್ತರು, ಸಿಲಿಂಡರ್ ಹೊತ್ತರು, ಟಾರ್ಚನ್ನು ಅದೇ ಹೊದಿಕೆಯಲ್ಲಿ ಸುತ್ತಿದರು. ಬೆಂಚಿನ ಮೇಲಿದ್ದ ಆ ತಗಡಿನ ತುಂಡನ್ನೂ ಮಾಂಗ್ ಇಸ್ಕೋ ತಂದು ಮೆಲ್ಚೋರ್‌ನ ಕೈಗಿಟ್ಟ. "ನಿನಗೋಸ್ಕರ ಮಾಡಿದ್ದು," ಎಂದ.

ಮೆಲ್ಚೋರ್ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದ. ಸಾವಿನ ಮನೆಯವರು ಬಂದವರನ್ನು ಬಾಗಿಲವರೆಗೆ ಕಳಿಸಿಕೊಡುವುದಿಲ್ಲ, ಅದು ಪದ್ಧತಿ. ಅವರು ಎದ್ದು ಬರದದ್ದು ಪದ್ಧತಿಗೋ, ತನ್ನ ಮುಖ ನೋಡಲಾರದೆಯೋ, ಅವನಿಗೆ ಯಾವತ್ತೂ ತಿಳಿಯಲಾರದು. ಲಿಗಾಯಾ ಪೆಟ್ಟಿಗೆಯ ಪಕ್ಕ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅನ್ನ ಬಾಯಿಗಿಡುತ್ತಿದ್ದಳು. ಅತ್ತೆ ಕೂತಲ್ಲಿಂದಲೇ, ಮಡಿಲ ಮರಿಯ ಬೆನ್ನು ಸವರುತ್ತ, ಊರಿಗೆ ಹೊರಟ ಮಗನಿಗೆ ಹೇಳುವಷ್ಟೇ ಮೆತ್ತಗೆ ಹೇಳಿದಳು.

"ದಾರೀಲಿ ಎಲ್ಲೂ ನಿಲ್ಲಬೇಡ ಮಗ. ನೇರ ಮನೆಗೆ ಹೋಗು."

ಹೆಂಗಸರ ಜಪ ಅರ್ಧಕ್ಕೆ ನಿಂತಿತು. ಒಬ್ಬಳು ಶಿಲುಬೆ ಗುರುತು ಹಾಕಿಕೊಂಡಳು. ಅಲ್ಲಿದ್ದ ಎಲ್ಲರಿಗೂ ಆ ಮಾತಿನ ಅರ್ಥ ಗೊತ್ತಿತ್ತು. ಮೆಲ್ಚೋರ್‌ಗೂ ಗೊತ್ತಿತ್ತು.

ಬಿಸಿಲು ಇಳಿಯುತ್ತಿತ್ತು. ಬಂಡಿಯ ಹಿಂದೆ ಸಿಲಿಂಡರ್, ರಸ್ತೆಯಲ್ಲಿ ಗುಂಡಿ ಸಿಕ್ಕಲ್ಲೆಲ್ಲ, ಸರಪಳಿ ಕುಟ್ಟಿ ಸದ್ದು ಮಾಡುತ್ತ ಬಂತು. ಬೆರ್ತಿಂಗ್ ಒಂದೆರಡು ಸಲ ಹಿಂದೆ ತಿರುಗಿ ನೋಡಿದ. ಹೆದ್ದಾರಿ ಸೇರುವಲ್ಲಿ ಬೇಕರಿ ಕಂಡಿತು. ಆ ಕಡೆಯ ಸಾವುಗಳಿಂದ ಬರುವವರೆಲ್ಲ ಇಳಿದು, ಬನ್ನು ತಿಂದು, ಬೆನ್ನಿಗೆ ಬಂದದ್ದನ್ನು ಅಲ್ಲೇ ಕೊಡವಿ ಹೋಗುವ ಜಾಗ. ಇಬ್ಬರು ಮೂವರು ಆಗಲೇ ನಿಂತಿದ್ದರು. ಬೆರ್ತಿಂಗ್ ಬಂಡಿ ಪಕ್ಕಕ್ಕೆ ತೆಗೆದ.

"ಇಳೀರಿ ಬಾಸ್. ಒಂದು ಕಾಫಿ ಕುಡಿದು ಹೋಗೋಣ."

"ಬೇಡ."

"ಬೇಡ ಅಂದ್ರೆ? ಯಂತ್ರ ಬೇರೆ ಹೊತ್ಕೊಂಡು ಬಂದಿದೀರಿ. ಹೋಗ್ಲಿ, ಕಾಲಾದ್ರೂ ನೆಲಕ್ಕೆ ಊರಿ ಹತ್ತಿ."

"ನನ್ನನ್ನ ಬಿಟ್ಟ ಮೇಲೆ ನೀನೊಬ್ನೇ ಬಂದು ನಿಂತು ಹೋಗು. ನಿನ್ನ ಮಕ್ಕಳಿಗೆ ಏನೂ ಆಗಲ್ಲ," ಎಂದ ಮೆಲ್ಚೋರ್. "ನನ್ನನ್ನ ನೇರ ಮನೆಗೆ ಬಿಡು."

ಬೆರ್ತಿಂಗ್ ಅವನ ಮುಖ ನೋಡಿದ. ಆಮೇಲೆ ಕಿಕ್ ಹೊಡೆದ. ಮೆಲ್ಚೋರ್ ತಗಡಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕಗಾಡಿಯ ಸೀಟಿನಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಅಂಚಿಗೆ ಸರಿದು ಕೂತ.